ಕಾರ್ಮೋನಾದ ಐದನೆಯ ಬೊಗಸೆ

ಇಂಥ ಕಥೆಗಳನ್ನು ನಂಬುವ ಪೈಕಿ ನಾನಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಮ್ಮ ಅಜ್ಜಿ ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು, ಸತ್ತವರು ಬಂದು ಮಾತಾಡಿಸಿ ಹೋದ ಸುದ್ದಿಯನ್ನು ನಿನ್ನೆ ಸಂತೆಯಲ್ಲಿ ಸಿಕ್ಕವರ ಸುದ್ದಿಯ ಹಾಗೆ ಹೇಳುತ್ತಿದ್ದಳು. ಮಾತಾಡುವುದನ್ನು ನಾನು ಅವಳಿಂದ ಕಲಿತೆ, ನಂಬುವುದನ್ನು ಕಲಿಯಲಿಲ್ಲ. “ಅಜ್ಜಿ, ಸತ್ತವ್ರು ಬರೋ ಮುಂದ ಚಪ್ಪಲಿ ಹೊರಗ ಬಿಟ್ಟು ಬರ್ತಾರೋ, ಹಾಕ್ಕೊಂಡೇ ಬರ್ತಾರೋ?” ಅಂತ ಕೇಳಿ ಬೈಸಿಕೊಂಡವಳು ನಾನು. ಮುಂದೆ ಮೈಕ್ರೋಬಯಾಲಜಿ ಓದಿದೆ, ಮದುವೆಯಾಗಿ ಮೆಲ್ಬರ್ನಿಗೆ ಬಂದೆ, ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತೆ. ಗಾಜಿನ ಕೆಳಗಿಟ್ಟು ನೋಡಲಿಕ್ಕೆ ಬರದ್ದು ಇಲ್ಲವೇ ಇಲ್ಲ ಅನ್ನುವುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ.

ಹಾಗಿರುವಾಗ ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಕೇಳಿದವರೆಲ್ಲ ಒಂದೊಂದು ಸಮಾಧಾನ ಕೊಟ್ಟರು. ಒಂದೂ ನನಗೆ ಸರಿಹೋಗಲಿಲ್ಲ. ಇದು ನಡೆದದ್ದು ಅಮಾವಾಸ್ಯೆಯ ಕತ್ತಲಲ್ಲಲ್ಲ. ಹಾಡಹಗಲು, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಸ್ಪೇನ್ ದೇಶದ ಒಂದು ಸಣ್ಣ ಊರಿನಲ್ಲಿ. ಎರಡು ಸಾವಿರದ ಒಂಬತ್ತನೇ ಇಸವಿ.

ಮೊದಲು ವೈನಿಯ ಬಗ್ಗೆ ಹೇಳಬೇಕು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ನಮ್ಮ ಶೈಲಾ ವೈನಿ, ಅಣ್ಣ ಇಬ್ಬರೂ ಸಿಡ್ನಿಯಲ್ಲಿದ್ದರು, ನಾವು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಒಂದು ದಿನ ಬೆಳಿಗ್ಗೆ ಚಹಾ ಕುಡಿದು ಕೆಲಸಕ್ಕೆ ಹೋದ ಅಣ್ಣ ಸಂಜೆಗೆ ಇರಲಿಲ್ಲ. ಹೃದಯ ನಿಂತಿತ್ತು. ಆಗ ವೈನಿಗೆ ಮೂವತ್ತೇಳು. ಮಕ್ಕಳಿರಲಿಲ್ಲ. ಊರಿಗೆ ವಾಪಸ್ ಬಾ ಅಂತ ತವರಿನವರು ಕರೆದರು, ಆಕೆ ಹೋಗಲಿಲ್ಲ. ದಿ ಪಾಂಡ್ಸ್ ಅನ್ನುವ ಸಬರ್ಬ್ ಆಗಷ್ಟೇ ತಲೆ ಎತ್ತುತ್ತಿತ್ತು, ಅರ್ಧ ಮನೆಗಳು, ಅರ್ಧ ಅಗೆದ ಮಣ್ಣು. ಅಲ್ಲೊಂದು ಮನೆ ಹಿಡಿದು, ದಿನಾ ನಾರ್ತ್ ಸಿಡ್ನಿಯ ಆಫೀಸಿಗೆ ಓಡಾಡಿಕೊಂಡು ಇದ್ದರು. ರಜೆ ಬಂದರೆ ನಮ್ಮಲ್ಲಿಗೆ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಅವಳ ಉಡಿ ತುಂಬುವುದು ನಮ್ಮ ಪದ್ಧತಿ. ಮೈಸೂರಿನ ಕಡೆ ಮಡಿಲು ತುಂಬುವುದು ಅನ್ನುತ್ತಾರಲ್ಲ, ಅದೇ. ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಸೆರಗಿನಲ್ಲಿ ಐದು ಬೊಗಸೆ ಅಕ್ಕಿಯನ್ನೋ ಗೋದಿಯನ್ನೋ ಹಾಕಿ, ಮೇಲೆ ಕಾಯಿ, ಅಡಿಕೆ, ರವಿಕೆಗೆ ಆಗುವ ಕುಬಸದ ಖಣ ಇಡುತ್ತೇವೆ. ಆಕೆ ಅದರಲ್ಲೇ ಒಂದು ಹಿಡಿ ಕಾಳನ್ನು ತುಂಬಿದವರಿಗೆ ತಿರುಗಿ ಕೊಡುತ್ತಾಳೆ, ಆ ಮನೆ ಬರಿದಾಗಬಾರದು ಅಂತ. ಅಣ್ಣ ಇದ್ದಾಗ ವೈನಿ ಬಂದಾಗಲೆಲ್ಲ ನಾನು ತಪ್ಪದೆ ತುಂಬಿದ್ದೆ. ಅವನು ಹೋದ ಮೇಲೆ ಮೊದಲ ಸಲ ಬಂದು ಹೊರಟಾಗ, ರೂಢಿಯಂತೆ ಅಕ್ಕಿಯ ತಾಟು ಹೊರಗೆ ತೆಗೆದವಳು ತಟ್ಟನೆ ನಿಂತೆ. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲವಲ್ಲ. ತಾಟನ್ನು ಒಳಗಿಟ್ಟು, ಬದಲಿಗೆ ಚಕ್ಕುಲಿಯ ಡಬ್ಬಿ ತಂದು ಕೈಗೆ ಕೊಟ್ಟೆ. ವೈನಿ ಎಲ್ಲ ನೋಡಿದ್ದರು.

“ಇರ್ಲಿ ಬಿಡು ತಂಗಿ, ಫ್ಲೈಟಿಗೆ ಹೊತ್ತಾತು” ಅಂದರು. ಅಷ್ಟೇ.

ಮೂರು ವರ್ಷ ಹೀಗೇ ನಡೆಯಿತು. ದೆವ್ವವನ್ನು ನಂಬದವಳು ಇದನ್ನು ಹೇಗೆ ನಂಬಿದೆ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕೈ ಏಳಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ವೈನಿ ಫೋನ್ ಮಾಡಿದರು. ಶ್ರೀಧರ ಅಂತ ಬೆಳಗಾವಿಯವರು, ಅವರ ಆಫೀಸಿನಲ್ಲೇ ಕೆಲಸ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮದುವೆಯಾಗೋಣವಾ ಅಂತ ಕೇಳಿದ್ದಾರೆ. ಕಂಪನಿ ಅವರನ್ನು ಪರ್ತ್‌ಗೆ ಹೋಗು ಅನ್ನುತ್ತಿದೆ, ಜುಲೈ ಕೊನೆಯೊಳಗೆ ಉತ್ತರ ಕೊಡಬೇಕು. ವೈನಿ ಒಪ್ಪಿದರೆ ಸಿಡ್ನಿಯಲ್ಲೇ ಉಳಿಯುತ್ತಾರೆ, ಇಲ್ಲದಿದ್ದರೆ ಹೊರಟುಹೋಗುತ್ತಾರೆ.

“ನಿಮಗ ಮನಸ್ಸದ ಏನು?” ಅಂದೆ.

“ಅದ” ಅಂದರು, ಒಂದು ಚೂರೂ ತಡೆಯದೆ. ಆಮೇಲೆ, “ಆದ್ರ ನೀ ಹೂಂ ಅಂದ್ರ ಹೂಂ. ನಿಮ್ಮಣ್ಣನ ಕಡಿಂದ ಈ ದೇಶದಾಗ ನನಗಿರಾಕಿ ನೀ ಒಬ್ಬಾಕಿ. ನೀ ಮಾರಿ ತಿರುಗಿಸಿದ್ರ ನನಗ ಆಗೂದಿಲ್ಲ ನೋಡು.”

ಹೂಂ ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು? ನನ್ನಿಂದ ಆಗಲಿಲ್ಲ. ಅಣ್ಣನ ಜಾಗದಲ್ಲಿ ಇನ್ನೊಬ್ಬರು ಕೂತು ಚಹಾ ಕುಡಿಯುವುದು ಕಣ್ಣ ಮುಂದೆ ಬಂತು. “ಸ್ಪೇನಿಗೆ ಹೊಂಟೀವಲ್ಲ ವೈನಿ, ಅಲ್ಲಿ ಕೂತು ಮಾತಾಡೋಣು” ಅಂತ ಜಾರಿಕೊಂಡೆ.

ಸ್ಪೇನ್ ಪ್ರವಾಸ ಅಣ್ಣ ಮತ್ತು ನಮ್ಮವರು ಸೇರಿ ಎಂದೋ ಹಾಕಿದ ಯೋಜನೆ. ನಮ್ಮವರು ಮೈಸೂರಿನವರು, ಹಳೆಯ ಕೋಟೆ ಕೊತ್ತಲ ಅಂದರೆ ಪ್ರಾಣ. ಅಂತೂ ಆ ಜುಲೈನಲ್ಲಿ, ಮೆಲ್ಬರ್ನಿನ ಚಳಿ ಬಿಟ್ಟು ನಾಲ್ವರು ಹೊರಟೆವು. ನಾನು, ನಮ್ಮವರು, ಹನ್ನೊಂದು ವರ್ಷದ ಮಗಳು ಅನು ಮತ್ತು ವೈನಿ. ಮ್ಯಾಡ್ರಿಡ್ ನೋಡಿದೆವು. ತೊಲೆದೋದಲ್ಲಿ ಕತ್ತಿ ಮಾರುವ ಅಂಗಡಿಗಳನ್ನು ನೋಡಿದೆವು. ಕೋರ್ದೊಬಾದಲ್ಲಿ ಹಳೆಯ ಮಸೀದಿಯ ಕೆಂಪು ಬಿಳಿ ಕಮಾನುಗಳ ಕೆಳಗೆ ನಮ್ಮವರು ಗೈಡ್‌ಬುಕ್ ಗಟ್ಟಿಯಾಗಿ ಓದಿ ಕಾವಲುಗಾರನ ಕೈಯಲ್ಲಿ “ಶ್ಶ್” ಅನ್ನಿಸಿಕೊಂಡರು. ಊಟದ್ದೇ ಫಜೀತಿ. ಮಾಂಸ ಇಲ್ಲ ಅಂತ ಕೇಳಿ ಕೇಳಿ ತರಿಸಿದ ಸೂಪಿನಲ್ಲಿ ಹಂದಿ ಮಾಂಸದ ಚೂರುಗಳು ತೇಲುತ್ತಿದ್ದವು. ವೈನಿ ಸಿಡ್ನಿಯಿಂದ ಕಟ್ಟಿ ತಂದ ಅವಲಕ್ಕಿ ಚೂಡಾ, ಶೇಂಗಾ ಚಟ್ನಿ ನಮ್ಮನ್ನು ಕಾಪಾಡಿದವು. ಎಲ್ಲರೂ ನಗುತ್ತಿದ್ದೆವು. ಆದರೆ ನಾನು ಮತ್ತು ವೈನಿ ಇಬ್ಬರೇ ಉಳಿದ ಕ್ಷಣ ಬಂತೆಂದರೆ ನಾನು ಏನಾದರೂ ನೆಪ ಹುಡುಕಿ ಎದ್ದು ಹೋಗುತ್ತಿದ್ದೆ. ವೈನಿ ಒಂದು ಸಲವೂ ಕೇಳಲಿಲ್ಲ.

ಸೆವಿಲ್‌ನಲ್ಲಿ ಮೂರು ದಿನ ಉಳಿದೆವು. ಎರಡನೆಯ ದಿನ ಬಸ್ಸಿನಲ್ಲಿ ಕಾರ್ಮೋನಾಕ್ಕೆ ಹೋದದ್ದು. ಸುಮಾರು ಒಂದು ತಾಸಿನ ದಾರಿ. ಗುಡ್ಡದ ಮೇಲೆ ಬಿಳಿ ಮನೆಗಳ ಊರು, ಮುಂದೆ ದೊಡ್ಡ ಕೋಟೆಬಾಗಿಲು. ಆಚೆ ತುದಿಗೆ ಹೋಗಿ ನಿಂತರೆ ಕೆಳಗೆ ಕಣ್ಣು ಹರಿಯುವಷ್ಟು ದೂರ ಕೊಯ್ದು ಮುಗಿದ ಗೋದಿಯ ಹೊಲ. “ನವಲಗುಂದದ ಕಡೆ ಬಂದಂಗ ಆತಲ್ಲ!” ಅಂತ ವೈನಿ ಹಿಗ್ಗಿದರು.

ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿ ಮಲಗಿತ್ತು. ಅಲ್ಲಿನ ರೂಢಿ ಅದು. ನಮ್ಮವರು ಕೋಟೆಬಾಗಿಲ ಪಕ್ಕದ ಕೆಫೆಯ ನೆರಳಲ್ಲಿ ಕೂತು, “ನನ್ನ ಕಾಲು ಸ್ಟ್ರೈಕ್ ಮಾಡ್ತಿವೆ, ನೀವು ಹೋಗಿ ಬನ್ನಿ. ಬಸ್ಸು ಐದೂವರೆಗೆ, ಮರೀಬೇಡಿ” ಅಂದರು. ನಾವು ಮೂವರು ಹೆಂಗಸರು ಒಂದು ಸಣ್ಣ ಓಣಿ ಹಿಡಿದೆವು. ನರಪಿಳ್ಳೆ ಇರಲಿಲ್ಲ.

ಒಂದು ಮನೆಯ ಬಾಗಿಲು ಮಾತ್ರ ತೆರೆದಿತ್ತು. ಎಪ್ಪತ್ತೈದು ದಾಟಿದ ಒಬ್ಬ ಮುದುಕಿ, ಚೌಕುಳಿಯ ಏಪ್ರನ್, ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡದ್ದೇ ಕಸಬರಿಗೆ ಗೋಡೆಗೆ ಆನಿಸಿ, ಏನೋ ಅನ್ನುತ್ತ ಬಂದು ನೇರ ವೈನಿಯ ಮುಂಗೈ ಹಿಡಿದಳು. ನಮಗೆ ಬರುತ್ತಿದ್ದ ಸ್ಪ್ಯಾನಿಶ್ ‘ಗ್ರಾಸಿಯಾಸ್’ ಒಂದೇ. ಏನಾದರೂ ಮಾರುವವಳು ಅಂದುಕೊಂಡು ನಾನು “ನೋ, ನೋ” ಅಂದೆ. ಅವಳು ನನ್ನನ್ನು ಲಕ್ಷಿಸಲೇ ಇಲ್ಲ. ವೈನಿಯನ್ನು ಹೊಸ್ತಿಲ ಒಳಗೆ ಕರೆದೊಯ್ದಳು. ಅಲ್ಲಿದ್ದ ಗಿಡ್ಡ ಕುರ್ಚಿಯನ್ನು ಎತ್ತಿ ಪೂರ್ವಕ್ಕಿದ್ದ ಬಾಗಿಲ ಕಡೆಗೆ ತಿರುಗಿಸಿಟ್ಟು, ಕೂತುಕೋ ಅಂತ ಭುಜ ಒತ್ತಿದಳು. ಅನು ಹೊರಗೆ ಮೆಟ್ಟಿಲ ಮೇಲೆ ಕೂತು ಬಾಟಲಿಯ ನೀರು ಕುಡಿಯುತ್ತಿದ್ದಳು.

ಮುದುಕಿ ಒಳಗಿಂದ ಒಂದು ಮಣ್ಣಿನ ಬೋಗುಣಿ ತಂದಳು. ಅದರ ತುಂಬ ಗೋದಿ. ವೈನಿಯ ಓಢಣಿಯ ತುದಿಯನ್ನು ತಾನೇ ಎಳೆದು ಅವರ ತೊಡೆಯ ಮೇಲೆ ಹರಡಿದಳು. ಎರಡೂ ಕೈ ಜೋಡಿಸಿ ಒಂದು ಬೊಗಸೆ ಗೋದಿ ಸುರಿದಳು. ಇನ್ನೊಂದು. ಇನ್ನೊಂದು. ನಾಲ್ಕು.

ಅಲ್ಲಿಗೆ ನಿಲ್ಲಿಸಿ, ಬೋಗುಣಿಯನ್ನು ನನ್ನ ಮುಂದೆ ಹಿಡಿದಳು.

ವೈನಿ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಗೋದಿಯನ್ನೇ ನೋಡುತ್ತ ಕೂತಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಆಗ ಆ ಮುದುಕಿ ನನಗೆ ಬೈದಳು. ಬೈಗುಳವೇ ಅದು, ಭಾಷೆ ಬರದಿದ್ದರೂ ಅಷ್ಟು ತಿಳಿಯುತ್ತದೆ. ಮನೆಯ ಹಿರಿಯಳು ಮೊಂಡು ಹಿಡಿದ ಹುಡುಗಿಗೆ ಬೈಯುವ ಧಾಟಿ.

ಹೊರಗಿನಿಂದ ಅನು, “ಅಮ್ಮ, ಶೀ ವಾಂಟ್ಸ್ ಯು ಟು ಡೂ ಇಟ್. ಜಸ್ಟ್ ಡೂ ಇಟ್” ಅಂದಳು.

ಬೊಗಸೆ ಮಾಡಿ ಗೋದಿ ಎತ್ತಿ ವೈನಿಯ ಉಡಿಯಲ್ಲಿ ಹಾಕಿದೆ. ಐದನೆಯದು. ಮುದುಕಿ ಬರಿದಾದ ಬೋಗುಣಿಯನ್ನು ನನ್ನ ಕೈಗಿತ್ತು, ಕಾಳಿನ ಮೇಲೆ ಒಂದು ನಿಂಬೆಹಣ್ಣು, ಒಂದು ಮುಷ್ಟಿ ಬಾದಾಮಿ, ಮಡಿಸಿದ ಒಂದು ಹಸಿರು ಬಟ್ಟೆ ಇಟ್ಟಳು. ಇಷ್ಟೇ ಆಗಿದ್ದರೆ ಎಲ್ಲ ದೇಶದ ಅಜ್ಜಿಯರೂ ಒಂದೇ ಅಂದು ನಕ್ಕು ಬರುತ್ತಿದ್ದೆ. ಆದರೆ ಅವಳು ನನ್ನ ಓಢಣಿಯ ಚುಂಗು ಹಿಡಿದು ವೈನಿಯ ಮುಂದೆ ಚಾಚಿದಳು. ಚಾಚಿ, ಕಾದಳು. ವೈನಿಯ ಕೈ ತಾನಾಗಿ ಒಂದು ಹಿಡಿ ಕಾಳು ತೆಗೆದು ಅದರಲ್ಲಿ ಹಾಕಿತು. ಮುದುಕಿ ಕೆಲಸ ಮುಗಿಯಿತು ಅನ್ನುವ ಹಾಗೆ ಕೈ ಝಾಡಿಸಿ, ನಗುತ್ತ ನಮ್ಮನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಳು.

ಬಸ್ಸಿಗೆ ಓಡಿದೆವು. ಅರ್ಧ ದಾರಿ ಮುಗಿದಿತ್ತು. ವೈನಿ ಕಿಟಕಿಯ ಪಕ್ಕ, ಓಢಣಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ವೈನಿ, ಶ್ರೀಧರ ಅವರಿಗೆ ಹೂಂ ಅಂತ ಹೇಳ್ರಿ” ಅಂದೆ. “ಮೂರು ವರ್ಷ ನಾ ಮಾಡಿದ್ದು ತಪ್ಪಾತು.”

ಅವರು ನನ್ನ ಕೈ ಹಿಡಿದುಕೊಂಡರು. “ತಂಗಿ, ಆ ಮುದುಕಿ ಬೋಗುಣಿ ನಿನ್ನ ಕೈಯಾಗ ಉಳದದಲ್ಲ!” ಅಂದರು. ನೋಡಿದರೆ ಹೌದು. ಖಾಲಿ ಬೋಗುಣಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದೆ. ನಮ್ಮವರು ಹಿಂದಿನ ಸೀಟಿನಿಂದ, “ಭೇಷ್, ಗೋದಿ ದಾನ ತಗೊಂಡು ಪಾತ್ರೆ ಎತ್ಕೊಂಡು ಬಂದ್ರಾ? ಧಾರವಾಡದ ಮರ್ಯಾದೆ ಉಳಿಸಿದ್ರಿ ಕಣ್ರೀ” ಅಂದರು. ಬಸ್ಸೆಲ್ಲ ತಿರುಗಿ ನೋಡುವಂತೆ ಇಬ್ಬರೂ ನಕ್ಕೆವು.

ಅದನ್ನು ಹಿಂದಿರುಗಿಸಲೇಬೇಕಿತ್ತು. ಖಾಲಿ ಪಾತ್ರೆ ಕೊಡಬಾರದು ಅಂತ ವೈನಿ ಅದರ ತುಂಬ ಅವಲಕ್ಕಿ ಚೂಡಾ ಹಾಕಿದರು. ನಾವಿಳಿದಿದ್ದ ಹೋಟೆಲಿನ ಕೌಂಟರಿನಲ್ಲಿದ್ದ ಲೂಸಿಯಾ ಅನ್ನುವ ಹುಡುಗಿ ಕಾರ್ಮೋನಾದವಳೇ. ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ಮರುದಿನ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವಳು ನಾಲ್ವರನ್ನೂ ತನ್ನ ಜೊತೆಗೆ ಕರೆದುಕೊಂಡು ಹೋದಳು.

ಇಂಥ ಕಥೆಗಳಲ್ಲಿ ಮರುದಿನ ಹೋದರೆ ಮನೆಯೇ ಇರುವುದಿಲ್ಲ, ಅಥವಾ ಹತ್ತು ವರ್ಷದಿಂದ ಬೀಗ ಹಾಕಿರುತ್ತದೆ. ಹಾಗೇನೂ ಆಗಲಿಲ್ಲ. ಮನೆ ಇತ್ತು. ಅದೇ ಮುದುಕಿ, ಅದೇ ಏಪ್ರನ್. ಬೋಗುಣಿ ತೆಗೆದುಕೊಂಡು ಒಂದು ಚಿಟಿಕೆ ಚೂಡಾ ಬಾಯಿಗೆ ಹಾಕಿ, ಖಾರಕ್ಕೆ ಕೆಮ್ಮಿ, ಕಣ್ಣೊರೆಸಿಕೊಂಡು ಇನ್ನೊಂದು ಚಿಟಿಕೆ ತಿಂದಳು. ನಾನು ಲೂಸಿಯಾಳಿಗೆ ಹೇಳಿದೆ: ಈ ಪದ್ಧತಿ ಇವರಿಗೆ ಹೇಗೆ ಗೊತ್ತು, ಕೇಳು. ಇದು ನಿಮ್ಮೂರಲ್ಲೂ ಇದೆಯಾ?

ಲೂಸಿಯಾ ಕೇಳಿದಳು. ಮುದುಕಿ ವಿಚಿತ್ರವಾಗಿ ನಮ್ಮನ್ನೇ ನೋಡಿ ಏನೋ ಹೇಳಿದಳು. ಲೂಸಿಯಾ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ನಮಗೆ ಹೇಳಿದ್ದು ಇದು: “ಪದ್ಧತಿ ಏನೂ ಅವರಿಗೆ ಗೊತ್ತಿಲ್ಲವಂತೆ. ನಿಮ್ಮ ಜೊತೆ ಬಂದಿದ್ದವರು ಹೇಳಿದ ಹಾಗೆ ಮಾಡಿದರಂತೆ.”

“ನಮ್ಮ ಜೊತೆ ಯಾರೂ ಇರಲಿಲ್ಲ” ಅಂದೆ.

ಇದ್ದರಂತೆ. ಒಬ್ಬ ಗಂಡಸು. ನಮಗಿಂತ ಸ್ವಲ್ಪ ಮುಂಚೆ ಓಣಿಯೊಳಗೆ ಬಂದು, ಹಿಂದೆ ಇಬ್ಬರು ಹೆಂಗಸರು, ಒಬ್ಬ ಹುಡುಗಿ ಬರುತ್ತಿದ್ದಾರೆ, ಒಂದು ಉಪಕಾರ ಮಾಡಿ ಅಂತ ಕೇಳಿದನಂತೆ. ಗೋದಿ ಇದೆಯಾ ಅಂದನಂತೆ. ಮಗನ ಹೊಲದ್ದು ಇದೆ ಅಂದಳಂತೆ. ಕುರ್ಚಿ ಹೀಗೆ ತಿರುಗಿಸಿ, ನಾಲ್ಕು ನೀವು ಹಾಕಿ, ಐದನೆಯದು ಆ ಇಬ್ಬರು ಹೆಂಗಸರಲ್ಲಿ ಚಿಕ್ಕವಳ ಕೈಯಿಂದಲೇ ಆಗಬೇಕು, ಆಕೆ ಒಪ್ಪುವುದಿಲ್ಲ, ಬಿಡಬೇಡಿ ಅಂದನಂತೆ. ಎಲ್ಲ ಮುಗಿಯುವ ತನಕ ಎದುರು ಗೋಡೆಯ ಹತ್ತಿರ ನಿಂತಿದ್ದು, ನಾವು ಹೋದ ದಾರಿಯಲ್ಲೇ ಹೋದದ್ದನ್ನು ಕಿಟಕಿಯಿಂದ ನೋಡಿದಳಂತೆ. ಮುದುಕಿ ಆ ಗೋಡೆಯನ್ನು ಬೆರಳು ಮಾಡಿ ತೋರಿಸಿದಳು. ಅನು ಮೆಟ್ಟಿಲ ಮೇಲೆ ಕೂತಿದ್ದದ್ದು ಸರಿಯಾಗಿ ಆ ಗೋಡೆಗೆ ಮುಖ ಮಾಡಿ.

“ದೇರ್ ವಾಸ್ ನೋಬಡಿ, ಅಮ್ಮ” ಅಂದಳು ಅನು. “ಒನ್ಲಿ ಅಸ್.”

ನಮ್ಮವರಿಗೆ ತಮಾಷೆ ಅನಿಸಿತ್ತೋ, ಪರೀಕ್ಷೆ ಮಾಡುವ ಮನಸ್ಸೋ, “ಯಾವ ಭಾಷೇಲಿ ಮಾತಾಡಿದ ಕೇಳು” ಅಂದರು. ಲೂಸಿಯಾ ಕೇಳಿದ್ದಕ್ಕೆ ಮುದುಕಿ ಹೊಟ್ಟೆ ಹಿಡಿದು ನಕ್ಕಳು. “ನನಗೆ ಬರೋದು ಒಂದೇ ಭಾಷೆ” ಅಂದಳಂತೆ.

“ಇನ್ನೇನಾದರೂ ಕೇಳಬೇಕಾ?” ಅಂತ ಲೂಸಿಯಾ ನನ್ನ ಮುಖ ನೋಡಿದಳು, ಆಮೇಲೆ ವೈನಿಯ ಮುಖ. ಇಬ್ಬರೂ ತಲೆ ಅಲ್ಲಾಡಿಸಿದೆವು.

ಅಲ್ಲಿಂದ ಗ್ರನಾಡಾಕ್ಕೆ ಹೋದೆವು. ಉಡಿಯ ಕಾಳನ್ನು ಬಿಸಾಡುವ ಹಾಗಿಲ್ಲ, ಅಡುಗೆ ಮಾಡಿ ಉಣ್ಣಬೇಕು. ಆಸ್ಟ್ರೇಲಿಯಾದ ಏರ್‌ಪೋರ್ಟಿನಲ್ಲಿ ಒಂದು ಕಾಳನ್ನೂ ಒಳಗೆ ಬಿಡುವುದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಗೋದಿ ನೆನೆಹಾಕಿ, ಟವೆಲಿನಲ್ಲಿ ಸುತ್ತಿ, ಬಾಟಲಿಯಿಂದ ಕುಟ್ಟಿ, ಮೂರು ತಾಸು ಬೇಯಿಸಿ, ಹಾಲು ಸಕ್ಕರೆ ಹಾಕಿ, ಅದೇ ಬಾದಾಮಿ ಹೆಚ್ಚಿ ಉದುರಿಸಿ ಹುಗ್ಗಿ ಮಾಡಿದೆವು. “ಪ್ರಪಂಚವೆಲ್ಲ ಅಲ್ಹಂಬ್ರಾ ಅರಮನೆ ನೋಡೋಕೆ ಬರತ್ತೆ, ನೀವು ಇಲ್ಲಿಗೆ ಬಂದು ಗೋದಿ ಕುಟ್ತಿದ್ದೀರಿ” ಅಂತ ನಮ್ಮವರು ರೇಗಿಸುತ್ತಲೇ ಎರಡು ಸಲ ಹಾಕಿಸಿಕೊಂಡರು. ವೈನಿ ಬಾಲ್ಕನಿಗೆ ಹೋಗಿ ಸಿಡ್ನಿಗೆ ಫೋನ್ ಮಾಡಿದರು. ಒಳಗೆ ಬಂದಾಗ ಕೆನ್ನೆ ಕೆಂಪಾಗಿತ್ತು. “ಎಷ್ಟೊತ್ತಾದ್ರೂ ಮಾತs ಆಡ್ಲಿಲ್ಲ ತಂಗಿ ಆ ಮನಷ್ಯಾ. ಲೈನ್ ಕಟ್ ಆತೇನೋ ಅಂದ್ಕೊಂಡೆ. ಅಳ್ಲಿಕ್ಕೆ ಹತ್ತಿದ್ರು” ಅಂದರು.

ಆ ವರ್ಷ ದೀಪಾವಳಿಯ ಮುಂಚೆ ಸಿಡ್ನಿಯಲ್ಲಿ ಮದುವೆಯಾಯಿತು. ಮುಂದೆ ನಿಂತು ಮಾಡಿಸಿದವಳು ನಾನೇ. ಶ್ರೀಧರ ಅವರು ಪರ್ತ್‌ಗೆ ಹೋಗಲಿಲ್ಲ. ಈಗ ಅವರು ನಮ್ಮ ಮನೆಯಲ್ಲಿ ಕೂತು ಚಹಾ ಕುಡಿಯುವುದನ್ನು ನೋಡಿದರೆ ನನಗೆ ಖುಷಿಯೇ ಆಗುತ್ತದೆ. ಒಂದು ಕಪ್ಪಿಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟರೆ ಅವರಲ್ಲಿ ದೋಷ ಇಲ್ಲ.

ಇನ್ನು ಆ ಗಂಡಸು. ಯಾರೋ ಭಾರತ ಸುತ್ತಿ ಬಂದ ಸ್ಪ್ಯಾನಿಶ್ ಪ್ರವಾಸಿ ಇರಬೇಕು ಅಂತ ಒಬ್ಬರು ಹೇಳಿದರು. ಅವನಿಗೆ ನಾನು ಒಪ್ಪುವುದಿಲ್ಲ ಅನ್ನುವುದು ಹೇಗೆ ಗೊತ್ತು? ಮುದುಕಿಗೆ ವಯಸ್ಸಾಗಿತ್ತು, ಏನೋ ಕಲ್ಪಿಸಿಕೊಂಡಳು ಅಂತ ಇನ್ನೊಬ್ಬರು. ಕಲ್ಪನೆಯಲ್ಲಿ ಇಷ್ಟು ಸರಿಯಾಗಿ ಪದ್ಧತಿ ಬರುತ್ತದೆಯೇ? ಲೂಸಿಯಾ ತಪ್ಪು ಅನುವಾದ ಮಾಡಿರಬಹುದು ಅಂತ ನಮ್ಮವರು ಇಂದಿಗೂ ಅನ್ನುತ್ತಾರೆ, ಆದರೆ ಅನ್ನುವಾಗ ನನ್ನ ಮುಖ ನೋಡುವುದಿಲ್ಲ. ಯಾರಿರಬಹುದು ಅಂತ ನಿಮ್ಮ ಮನಸ್ಸಿಗೆ ಈಗ ಬಂದಿರುವ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆದು ರೂಢಿಯೂ ಇಲ್ಲ.

ಒಂದೇ ಒಂದು ಪ್ರಶ್ನೆ ಸಾಕಿತ್ತು. ಅವನು ನೋಡಲಿಕ್ಕೆ ಹೇಗಿದ್ದ? ಲೂಸಿಯಾ ನಿಂತಿದ್ದಳು, ಮುದುಕಿ ನಿಂತಿದ್ದಳು, ಹೊತ್ತೂ ಬೇಕಾದಷ್ಟಿತ್ತು. ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲನ್ನು ಮೂರು ಸಲ ನೋಡದೆ ಸಹಿ ಹಾಕದ ನಾನು ಅದನ್ನು ಕೇಳಲಿಲ್ಲ. ಒಂದು ಸಲ ಇದನ್ನು ವೈನಿಯ ಹತ್ತಿರ ಎತ್ತಿದೆ. ಅವರು ತರಕಾರಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

“ಕೇಳಿದ್ರ ಆಕಿ ಹೇಳ್ತಿದ್ಲು ತಂಗಿ. ಅದಕ್ಕs ನಾ ಕೇಳ್ಲಿಲ್ಲ” ಅಂದರು. “ನೀ ಯಾಕ ಕೇಳ್ಲಿಲ್ಲ?”

ನಾನು ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ.